ತೆತ್ ಹಬ್ಬಕ್ಕೆ ಮೊದಲ ಸಲ ಗಂಡನ ಹಳ್ಳಿಗೆ ಹೋಗುತ್ತಿದ್ದೇವೆ, ಮಗಳಿಗೆ ಆರು ವರ್ಷ. ಏನೇನು ತಿಳಿದಿರಬೇಕು?

ಸೈಗಾನ್ ಮಲ್ನಾಡು · ಫೆಬ್ರವರಿ 8, 2026

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಓದುವುದೇ ಜಾಸ್ತಿ, ಬರೆಯುವುದು ಇದೇ ಮೊದಲು.

ನನ್ನದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಗಂಡ ವಿಯೆಟ್ನಾಂನವರು. ಬೆಂಗಳೂರಿನ ಒಂದೇ ಆಫೀಸಿನಲ್ಲಿದ್ದೆವು, ಅಲ್ಲೇ ಪರಿಚಯ. ಹೋದ ವರ್ಷ ಅವರಿಗೆ ಸೈಗಾನ್‌ನಲ್ಲಿ ಕೆಲಸ ಸಿಕ್ಕಿತು, ಮೂವರೂ ಇಲ್ಲಿಗೆ ಬಂದೆವು. ಅತ್ತೆ ಮಾವ ಇರುವುದು ಉತ್ತರದಲ್ಲಿ, ನಾಮ್ ದಿನ್ ಊರಿನ ಹತ್ತಿರ ಒಂದು ಹಳ್ಳಿ. ಮದುವೆಗೆ ಅವರು ಬಂದಿದ್ದರು. ನಾನು ಎರಡು ಸಲ ಹೋಗಿ ಬಂದಿದ್ದೇನೆ, ಎರಡೂ ಸಲ ಬೇಸಿಗೆ, ನಾಲ್ಕೇ ದಿನ. ತೆತ್‌ಗೆ, ಅಂದರೆ ಇವರ ಹೊಸ ವರ್ಷದ ಹಬ್ಬಕ್ಕೆ, ಹೋಗುತ್ತಿರುವುದು ಇದೇ ಮೊದಲು. ಗಂಡ ಮನೆಗೆ ಹಿರಿಮಗ ಬೇರೆ.

ಈ ಸಲ ಹಬ್ಬ ಫೆಬ್ರವರಿ 17ಕ್ಕೆ. ಮಗಳಿಗೆ ವಿಯೆಟ್ನಾಮೀಸ್ ಚೆನ್ನಾಗಿ ಬರುತ್ತದೆ, ನನಗೆ ತರಕಾರಿ ಕೊಳ್ಳುವಷ್ಟು. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ಮೀನು ಇಲ್ಲ. ಮನೆ ತುಂಬ ಜನ ಇರುತ್ತಾರಂತೆ. ಗಂಡನನ್ನು ಕೇಳಿದರೆ "ಏನೂ ಇಲ್ಲ, ಸುಮ್ನೆ ಬಾ" ಅನ್ನುತ್ತಾರೆ. ಈ ಮಾತು ನಂಬಿ ಕೆಟ್ಟವರು ಎಷ್ಟು ಜನರೋ! ಅನುಭವ ಇದ್ದವರು ಹೇಳಿ.

ಹುವೆ ಸೊಸೆ · ಫೆಬ್ರವರಿ 8

ಹನ್ನೆರಡು ತೆತ್ ಕಂಡವಳು ನಾನು. ಬಟ್ಟೆ, ಉಡುಗೊರೆ ಎಲ್ಲ ಆಮೇಲೆ. ಮೊದಲು ಗಂಡನನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಮನೆಯವರ ವಂಶವೃಕ್ಷ ಬರೆಸಿಕೊಳ್ಳಿ. ಯಾರು ಯಾರಿಗೆ ದೊಡ್ಡವರು, ಯಾರು ಚಿಕ್ಕವರು, ಪೂರ್ತಿ.

ಯಾಕೆ ಅಂದರೆ ಆ ಭಾಷೆಯಲ್ಲಿ ಬರೀ "ನಾನು", "ನೀವು" ಅಂತ ಮಾತಾಡಿದರೆ ಮನೆಯೊಳಗೆ ಕೆಲಸ ನಡೆಯುವುದಿಲ್ಲ. ಎದುರಿಗಿದ್ದವರು ನಿಮಗೆ ಏನಾಗಬೇಕು ಅಂತ ಗೊತ್ತಾಗದೆ ಬಾಯಿ ತೆರೆಯುವ ಹಾಗೇ ಇಲ್ಲ. ಅತ್ತೆ ಮಾವನ ಮುಂದೆ ನೀವು "ಕೋನ್", ಅಂದರೆ ಮಗು. "ನಾನು ಊಟ ಮಾಡಿದೆ" ಅನ್ನಲು "ಮಗು ಊಟ ಮಾಡಿತು" ಅನ್ನಬೇಕು. ಗಂಡನ ತಮ್ಮನ ಮಕ್ಕಳ ಮುಂದೆ ನೀವು "ಬಾಕ್". ಅಪ್ಪನ ಅಣ್ಣನಿಗೂ ಬಾಕ್, ಅವರ ಹೆಂಡತಿಗೂ ಬಾಕ್. ನಮ್ಮ ದೊಡ್ಡಪ್ಪ ದೊಡ್ಡಮ್ಮ ಇದ್ದ ಹಾಗೇ. ಅಪ್ಪನ ತಮ್ಮ "ಚೂ", ಅವರ ಹೆಂಡತಿ "ಥೀಮ್". ಅಪ್ಪನ ತಂಗಿ "ಕೋ". ಅಮ್ಮನ ತಮ್ಮ "ಕಾವ್". ಇಂಗ್ಲಿಷಿನಲ್ಲಿ ಎಲ್ಲರೂ ಅಂಕಲ್ ಆಂಟಿ. ಚಿಕ್ಕಪ್ಪ, ಸೋದರಮಾವ ಅಂತ ಬೇರೆ ಮಾಡಿ ಬೆಳೆದ ನಮಗೆ ಇದು ಕಷ್ಟವೇ ಅಲ್ಲ, ನೋಡಿ. ನನ್ನ ಜರ್ಮನ್ ಓರಗಿತ್ತಿ ಮೂರು ವರ್ಷ ತಿಣುಕಾಡಿದಳು, ನಾನು ಮೂರು ದಿನದಲ್ಲಿ ಕಲಿತೆ. (ನಾನಿರುವ ಹುವೆ ಮಧ್ಯ ವಿಯೆಟ್ನಾಂನ ಊರು, ಇಲ್ಲಿ ಅಪ್ಪನ ತಂಗಿಗೆ "ಓ" ಅಂತಾರೆ. ಉತ್ತರದಲ್ಲಿ ಹಾಗೆ ಕರೆದರೆ ನಗುತ್ತಾರೆ.)

ಇನ್ನೊಂದು. ದೊಡ್ಡವರ ಹತ್ತಿರ ಮಾತಾಡುವಾಗ ವಾಕ್ಯದ ಕೊನೆಗೆ "ಆ" ಅಂತ ಒಂದು ಚಿಕ್ಕ ಸ್ವರ ಸೇರಿಸಿ. ನಮ್ಮ "ರೀ" ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಮಕ್ಕಳು ಎರಡೂ ಕೈ ಎದೆಯ ಮೇಲೆ ಕಟ್ಟಿ ತಲೆಬಾಗಿ ನಮಸ್ಕಾರ ಹೇಳುತ್ತಾರೆ. ಮಗಳಿಗೆ ಗೊತ್ತಿಲ್ಲದಿದ್ದರೆ ಇವತ್ತೇ ಕಲಿಸಿ.

ಕಡಲೆಪುರಿ · ಫೆಬ್ರವರಿ 8

ಒಂದು ನಿಮಿಷ. ಫೆಬ್ರವರಿ 17 ಅಮಾವಾಸ್ಯೆ ಅಲ್ವಾ? ಅಮಾವಾಸ್ಯೆ ದಿನ ಹೊಸ ವರ್ಷನಾ?

ಸೈಗಾನ್ ಮಲ್ನಾಡು · ಫೆಬ್ರವರಿ 8

ನನ್ನ ಅಮ್ಮನೂ ಇದನ್ನೇ ಕೇಳಿದರು! ಅಮಾವಾಸ್ಯೆ ಮಾತ್ರ ಅಲ್ಲ, ಅವತ್ತು ಸೂರ್ಯಗ್ರಹಣ ಬೇರೆ. "ಆ ಜನಕ್ಕೆ ಬೇರೆ ದಿನ ಸಿಗಲಿಲ್ವೇನೇ" ಅಂದರು. ಗ್ರಹಣ ನಮ್ಮಲ್ಲೂ ಕಾಣುವುದಿಲ್ಲ, ಅಲ್ಲೂ ಕಾಣುವುದಿಲ್ಲ, ಕಾಣುವುದು ಅಂಟಾರ್ಕ್ಟಿಕಾ ಕಡೆ ಅಂತ ಹೇಳಿ ಸಮಾಧಾನ ಮಾಡಿದೆ.

ಪಂಚಾಂಗ ಓದುವವ · ಫೆಬ್ರವರಿ 9

ನಮ್ಮ ಅಮಾಂತ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಇರುವುದು ಒಂದೇ ಗೆರೆಯ ದೂರ. ಅಮಾವಾಸ್ಯೆ ಮುಗಿದ ಮೇಲೆ ಪಾಡ್ಯ, ಅಲ್ಲಿಂದ ನಮಗೆ ಹೊಸ ಮಾಸ. ಅವರಿಗೆ ಸೂರ್ಯ ಚಂದ್ರ ಕೂಡುವ ಗಳಿಗೆ ಯಾವ ದಿನ ಬೀಳುತ್ತದೋ ಆ ದಿನವೇ ತಿಂಗಳ ಒಂದನೇ ತಾರೀಕು. ಹೋದ ವರ್ಷ ಜನವರಿ 29ರ ಮೌನಿ ಅಮಾವಾಸ್ಯೆಯೂ ಅವರ ತೆತ್ ದಿನವೂ ಒಂದೇ ಆಗಿತ್ತು. ನಮ್ಮ ಅಧಿಕ ಮಾಸದ ಹಾಗೆ ಅವರಿಗೂ ಒಂದು ಹೆಚ್ಚಿನ ತಿಂಗಳು ಬರುತ್ತದೆ. 2023ರಲ್ಲಿ ನಮಗೆ ಅಧಿಕ ಶ್ರಾವಣ ಬಂತು, ಅವರಿಗೆ ಎರಡನೇ ತಿಂಗಳು ಎರಡು ಸಲ ಬಂತು.

ಅದೇ 2023 ಅವರಿಗೆ ಬೆಕ್ಕಿನ ವರ್ಷ. ಚೀನಾದವರಿಗೆ ಅದು ಮೊಲದ ವರ್ಷ. ಈಗ ಬರುವುದು ಇಬ್ಬರಿಗೂ ಕುದುರೆ. ಚೀನೀ ಹೊಸ ವರ್ಷ ಅಂತ ಮಾತ್ರ ಬಾಯಿ ತಪ್ಪಿಯೂ ಅನ್ನಬೇಡಿ ತಂಗಿ. ನಾನು ಒಮ್ಮೆ ಅಂದು, ಆಫೀಸಿನಲ್ಲಿ ಇಡೀ ಮಧ್ಯಾಹ್ನ ಇತಿಹಾಸದ ಪಾಠ ಕೇಳಿದೆ.

ತಾಯ್ ಹೋ ದಂಡೆ · ಫೆಬ್ರವರಿ 9

ಹನೋಯ್‌ನಿಂದ ಬರೆಯುತ್ತಿದ್ದೇನೆ. ಎಲ್ಲರೂ ಚಂದ ಚಂದ ಹೇಳುತ್ತೀರಿ. ನಾನು ಇನ್ನೊಂದು ಮಗ್ಗುಲು ಹೇಳಿಬಿಡುತ್ತೇನೆ, ಅಕ್ಕ ಬೇಜಾರು ಮಾಡಿಕೊಳ್ಳಬಾರದು.

ತೆತ್ ಅಂದರೆ ಸೊಸೆಯಂದಿರಿಗೆ ಪಾತ್ರೆ. ಊಟ ಚಾಪೆಯ ಮೇಲೆ, ದೊಡ್ಡ ದುಂಡು ಹರಿವಾಣದಲ್ಲಿ ಎಲ್ಲ ಬಟ್ಟಲು ಜೋಡಿಸಿ, ಸುತ್ತ ಆರು ಜನ. ಮೇಲಿನ ಹರಿವಾಣಕ್ಕೆ ಹಿರಿಯರು, ಗಂಡಸರು. ಕೆಳಗಿನದಕ್ಕೆ ಹೆಂಗಸರು, ಮಕ್ಕಳು. ಒಂದು ತಂಡ ಎದ್ದರೆ ಇನ್ನೊಂದು ನೆಂಟರ ತಂಡ ಬರುತ್ತದೆ. ಪೂರ್ವಜರ ಪೀಠಕ್ಕೆ ಎಡೆ ಬೇರೆ ಇಡಬೇಕು, ದಿನಾ. ಬೇಯಿಸಿದ ಇಡೀ ಕೋಳಿ, ಬಿದಿರಿನ ಕಳಲೆ ಸಾರು, ಕರಿದ ಸುರುಳಿ, ಗಾಕ್ ಹಣ್ಣಿನ ಕೆಂಪು ಅನ್ನ. ನನ್ನ ಮೊದಲ ತೆತ್‌ನಲ್ಲಿ ನಾನು ನೋಡಿದ್ದು ನಲ್ಲಿ ಮತ್ತು ಸೋಪು. ಗಂಡ ಮೇಲಿನ ಹರಿವಾಣದಲ್ಲಿ ಕೂತು ಹದಿನೈದನೇ ಲೋಟ ಎತ್ತುತ್ತಿದ್ದರು.

ಈಗೀಗ ಹುಡುಗರು ಬದಲಾಗಿದ್ದಾರೆ, ಒಪ್ಪುತ್ತೇನೆ. ಆದರೂ ಹೋಗುವ ಮೊದಲೇ ಗಂಡನ ಹತ್ತಿರ ಮಾತಾಡಿಕೊಳ್ಳಿ. ರಬ್ಬರ್ ಕೈಗವಸು ಒಯ್ಯಿರಿ. ಆ ತಣ್ಣೀರಿಗೆ ಬೆರಳು ಒಡೆಯುತ್ತದೆ.

ಹುವೆ ಸೊಸೆ · ಫೆಬ್ರವರಿ 9

@ತಾಯ್ ಹೋ ದಂಡೆ, ನೀವು ಹೇಳಿದ್ದು ಸುಳ್ಳಲ್ಲ. ಆದರೆ ನಮ್ಮ ಕಡೆ ದೀಪಾವಳಿಗೆ, ಮಹಾಲಯಕ್ಕೆ ಇದಕ್ಕಿಂತ ಬೇರೆ ಏನು ನಡೆಯುತ್ತದೆ ಹೇಳಿ?

ತಾಯ್ ಹೋ ದಂಡೆ · ಫೆಬ್ರವರಿ 9

ಅಲ್ಲಿ ನಡೆಯುತ್ತದೆ ಅಂದ ಮಾತ್ರಕ್ಕೆ ಇಲ್ಲಿ ಸರಿ ಆಗುತ್ತದಾ ಅಕ್ಕ? ಎರಡೂ ಕಡೆ ತೊಳೆದವಳು ನಾನು.

ಹುವೆ ಸೊಸೆ · ಫೆಬ್ರವರಿ 9

ಇಲ್ಲ, ಆಗುವುದಿಲ್ಲ. ಸೋತೆ.

ಊಟದ ವಿಷಯ ಮರೆತೆ. ಸಸ್ಯಾಹಾರಕ್ಕೆ ಅಲ್ಲಿ "ಚಾಯ್" ಅಂತಾರೆ. ನಮ್ಮ ಕಿವಿಗೆ ಟೀ ಅಂತಲೇ ಕೇಳಿಸುತ್ತದೆ, ನಾನು ಮೊದಲ ವಾರ ಎಲ್ಲರ ಹತ್ತಿರ ಚಾಯ್ ಕೇಳಿ ತೋಫು ತಿಂದೆ. ಚಾಂದ್ರ ತಿಂಗಳ ಒಂದನೇ ದಿನ, ಹುಣ್ಣಿಮೆ ದಿನ ಚಾಯ್ ತಿನ್ನುವ ಬೌದ್ಧರು ಬಹಳ ಜನ ಇದ್ದಾರೆ. ಹಾಗಾಗಿ "ನಾನು ಚಾಯ್" ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮೀನಿನ ರಸ "ನುವಾಕ್ ಮಾಮ್" ಮಾತ್ರ ಕಣ್ಣಿಗೆ ಬೀಳುವುದಿಲ್ಲ, ಅದನ್ನು ಹೆಸರಿಟ್ಟೇ ಬೇಡ ಅನ್ನಬೇಕು.

ಸ್ಯಾನ್ ಹೋಸೆ ಅಪ್ಪ · ಫೆಬ್ರವರಿ 10

ನಾನು ಕ್ಯಾಲಿಫೋರ್ನಿಯಾದಲ್ಲಿರುವವ, ಪಕ್ಕದ ಮನೆ ವಿಯೆಟ್ನಾಂ ಮೂಲದವರದ್ದು. ಸ್ಯಾನ್ ಹೋಸೆಯಲ್ಲಿ ಅವರ ಸಂಖ್ಯೆ ಎಷ್ಟಿದೆ ಅಂತ ನಿಮಗೆ ಗೊತ್ತೇ ಇದೆ. 2022ರಲ್ಲಿ ಇಲ್ಲಿನ ರಾಜ್ಯ ಸರ್ಕಾರ ಚಾಂದ್ರ ಹೊಸ ವರ್ಷವನ್ನು ರಾಜ್ಯದ ರಜಾದಿನಗಳ ಪಟ್ಟಿಗೂ ಸೇರಿಸಿತು. ಮೈದಾನದಲ್ಲಿ ಮೇಳ ಆಗುತ್ತದೆ, ಸಿಂಹ ನೃತ್ಯ, ತಿಂಡಿ ಅಂಗಡಿ. ನನ್ನ ಮಕ್ಕಳಿಗೆ ಅದೇ ತೆತ್.

ಒಂದು ವರ್ಷ ಅವರು ಮನೆಗೇ ಕರೆದರು. ಮೇಳಕ್ಕಿಂತ ನೂರು ಪಾಲು ಬೇರೆ. ಅಜ್ಜಿ ಕುರ್ಚಿಯಲ್ಲಿ ಕೂತಿದ್ದರು. ಮೊಮ್ಮಕ್ಕಳು ಸಾಲಾಗಿ ಬಂದು, ಕೈಕಟ್ಟಿ, ಒಬ್ಬೊಬ್ಬರೇ ಅಜ್ಜಿಗೆ ಹಾರೈಕೆ ಹೇಳಬೇಕು. ಬರೀ "ಹ್ಯಾಪಿ ನ್ಯೂ ಇಯರ್" ಅಂದರೆ ದುಡ್ಡಿನ ಕೆಂಪು ಲಕೋಟೆ ಇಲ್ಲ. ಇಪ್ಪತ್ತು ವರ್ಷದ, ಗಡ್ಡ ಬಿಟ್ಟ ಮೊಮ್ಮಗ ತೊದಲುತ್ತಾ ವಿಯೆಟ್ನಾಮೀಸ್‌ನಲ್ಲಿ ನಾಲ್ಕು ಮಾತು ಹೇಳಿದ. ತಪ್ಪು ಮಾಡಿದ ಕಡೆಯೆಲ್ಲ ಮನೆಯವರು ಕೂಗಿ ತಿದ್ದಿದರು. ವರ್ಷವಿಡೀ ಇಂಗ್ಲಿಷ್ ಮಾತಾಡುವ ಮನೆ ಅದು. ಆಮೇಲೆ ನೆಲದ ಮೇಲೆ ಬೌ ಕುವಾ ಆಟ. ದಾಳದ ಮೇಲೆ ಸೋರೆಕಾಯಿ, ಏಡಿ, ಸೀಗಡಿ, ಮೀನು, ಹುಂಜ, ಜಿಂಕೆ. ಅಜ್ಜಿ ಕೊಟ್ಟ ದುಡ್ಡನ್ನು ಅಜ್ಜಿಯೇ ಗೆದ್ದುಕೊಂಡರು!

ಮಗಳಿಗೆ ಹಾರೈಕೆಯ ಎರಡು ಸಾಲು ಬಾಯಿಪಾಠ ಮಾಡಿಸಿ. ನನ್ನ ಸಲಹೆ ಇಷ್ಟೇ.

ಸೈಗಾನ್ ಮಲ್ನಾಡು · ಫೆಬ್ರವರಿ 10

ಎಲ್ಲರಿಗೂ ಧನ್ಯವಾದ. ಕೈಗವಸು ತಂದೆ. ವಂಶವೃಕ್ಷ ಬರೆಸಿದೆ, ಹಾಳೆ ಸಾಲದೆ ಕ್ಯಾಲೆಂಡರಿನ ಹಿಂಭಾಗಕ್ಕೆ ಹೋಯಿತು.

ಇವತ್ತು ಅವರ ಹನ್ನೆರಡನೇ ತಿಂಗಳ 23. ಒಲೆಯ ದೇವರು ಕಾರ್ಪ್ ಮೀನು ಏರಿ ಸ್ವರ್ಗಕ್ಕೆ ಹೋಗಿ ಮನೆಯವರ ಬಗ್ಗೆ ವರದಿ ಒಪ್ಪಿಸುವ ದಿನ. ನಮ್ಮ ಫ್ಲಾಟಿನಲ್ಲೇ ಚಿಕ್ಕದಾಗಿ ಪೂಜೆ ಮಾಡಿದೆವು. ಜೀವಂತ ಮೀನನ್ನು ಕೆರೆಗೆ ಬಿಡುವವರೂ ಇದ್ದಾರೆ, ನಾವು ಕಾಗದದ ಮೀನು ಸುಟ್ಟೆವು. "ನಾನು ಹಾಲು ಚೆಲ್ಲಿದ್ದೂ ಹೇಳ್ತಾನಾ?" ಅಂತ ಮಗಳು ಕೇಳಿದಳು.

ಸೈಗಾನ್ ಮಲ್ನಾಡು · ಫೆಬ್ರವರಿ 12

ರೈಲಿನಿಂದ. ಸೈಗಾನ್‌ನಿಂದ ಹನೋಯ್‌ಗೆ 1,726 ಕಿಲೋಮೀಟರ್. ನಾವು ಹನೋಯ್‌ಗಿಂತ ಸ್ವಲ್ಪ ಮುಂಚೆಯೇ ಇಳಿಯುತ್ತೇವೆ, ಆದರೂ ಒಂದೂ ಕಾಲು ದಿನಕ್ಕಿಂತ ಜಾಸ್ತಿ ಪ್ರಯಾಣ. ವಿಮಾನ ಬೇಡ, ರೈಲೇ ಬೇಕು ಅಂತ ಗಂಡ ಹಟ ಹಿಡಿದರು. ಓದುವಾಗ ಹಾಗೇ ಹೋಗುತ್ತಿದ್ದರಂತೆ.

ಡಬ್ಬಿ ತುಂಬ ಸೈಗಾನ್ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ದುಡಿಯುವವರು. ಎದುರಿನ ಬರ್ತ್‌ನಲ್ಲಿ ಒಬ್ಬ ಹೆಂಗಸು. ಮಗ ಊರಲ್ಲಿ ಅಜ್ಜಿ ಹತ್ತಿರ ಬೆಳೆಯುತ್ತಿದ್ದಾನೆ. ಅವನಿಗೆ ಹೊಸ ಶೂ ತಗೊಂಡಿದ್ದಾರೆ, ಅಳತೆ ಗೊತ್ತಿಲ್ಲ. ಹೋದ ತೆತ್‌ನ ಅಳತೆಗೆ ಎರಡು ಸೇರಿಸಿ ತಗೊಂಡೆ ಅಂದರು. ಶೂ ಪೆಟ್ಟಿಗೆಯನ್ನು ರಾತ್ರಿಯೆಲ್ಲ ತಲೆ ಪಕ್ಕ ಇಟ್ಟುಕೊಂಡು ಮಲಗಿದ್ದರು.

ಕಡಲೆಪುರಿ · ಫೆಬ್ರವರಿ 12

ಬರೀತಾ ಇರಿ ಅಕ್ಕ. ಆಫೀಸಿನಲ್ಲಿ ಕದ್ದು ಓದುತ್ತಿದ್ದೇನೆ.

ಸೈಗಾನ್ ಮಲ್ನಾಡು · ಫೆಬ್ರವರಿ 16, ಬೆಳಗಿನ ಜಾವ

ನಿದ್ದೆ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ನಮಗೆ ಶಿವರಾತ್ರಿ, ಇವರಿಗೆ ಬಾನ್ ಚುಂಗ್ ಬೇಯಿಸುವ ರಾತ್ರಿ. ಎರಡೂ ಒಂದೇ ದಿನ ಬಂದುಬಿಟ್ಟಿತು. ಹಾಗಾಗಿ ನನ್ನ ಜಾಗರಣೆ ಈ ಸಲ ಹಂಡೆಯ ಮುಂದೆ.

ಗೊತ್ತಿಲ್ಲದವರಿಗೆ: ಬಾನ್ ಚುಂಗ್ ಅಂದರೆ ಎಲೆಯಲ್ಲಿ ಕಟ್ಟಿ ಬೇಯಿಸುವ ಚೌಕಾಕಾರದ ಅನ್ನದ ಕಡುಬು. ನಮ್ಮ ಕೊಟ್ಟೆ ಕಡುಬಿನ ದಾಯಾದಿ ಅನ್ನಿ. ಹಿಂದಿನ ರಾತ್ರಿ ಅಂಟಕ್ಕಿ ನೆನೆಸಿದ್ದರು. ಹೆಸರುಬೇಳೆ ಬೇಯಿಸಿ ಅರೆದು ಉಂಡೆ. ಕಾಳುಮೆಣಸು ಹಚ್ಚಿದ ಹಂದಿಮಾಂಸ. "ದೋಂಗ್" ಅನ್ನುವ ಎಲೆ, ಬಾಳೆಎಲೆಗಿಂತ ಚಿಕ್ಕದು, ಅದನ್ನು ತೊಳೆದು ಒರೆಸುವುದೇ ಅರ್ಧ ದಿನದ ಕೆಲಸ. ಅಂಗಳದಲ್ಲಿ ಚಾಪೆ ಹಾಸಿ ಎಲ್ಲರೂ ಸುತ್ತ ಕೂತೆವು. ಅಕ್ಕಿ, ಬೇಳೆ, ಮಾಂಸ, ಬೇಳೆ, ಅಕ್ಕಿ, ಆಮೇಲೆ ಎಲೆ ಮಡಚಿ ಬಿದಿರಿನ ಸೀಳಿನಿಂದ ಕಟ್ಟು. ಮಾವನ ಕೈಗೆ ಅಚ್ಚೇ ಬೇಡ, ಬರಿಗೈಯಲ್ಲೇ ಮೂಲೆ ಮೂಲೆ ಸರಿಯಾಗಿ ನಿಲ್ಲುತ್ತದೆ. ನನ್ನದು ದಿಂಬಿನ ಹಾಗೆ ಉಬ್ಬಿತು. ಬಿಗಿ ಜಾಸ್ತಿ ಆದರೆ ಬೇಯುವುದಿಲ್ಲ, ಸಡಿಲ ಆದರೆ ನೀರು ಕುಡಿಯುತ್ತದೆ. ನನಗೆ ಅಂತ ಮಾಂಸ ಇಲ್ಲದೆ ಬರೀ ಬೇಳೆಯದು ಆರು ಕಟ್ಟಿದರು. ಗುರುತಿಗೆ ಕೆಂಪು ದಾರ. ನಾನು ಕೇಳಿರಲಿಲ್ಲ. ಅತ್ತೆಯೇ ಬೇರೆ ಬಟ್ಟಲಲ್ಲಿ ಬೇಳೆ ತೆಗೆದಿಟ್ಟಿದ್ದರು.

ಹಳೇ ಕಥೆಯೂ ಕೇಳಿದೆ. ಆರನೇ ಹುಂಗ್ ರಾಜ ಯಾರಿಗೆ ಪಟ್ಟ ಕಟ್ಟಲಿ ಅಂತ ಮಕ್ಕಳಿಗೆಲ್ಲ ಒಳ್ಳೆಯ ತಿನಿಸು ತರಲು ಹೇಳಿದನಂತೆ. ಬೇರೆಯವರು ಕಾಡು ಸಮುದ್ರ ಜಾಲಾಡಿದರು. ಬಡ ರಾಜಕುಮಾರ ಲಾಂಗ್ ಲಿಯೆವ್ ಮನೆಯ ಅಕ್ಕಿಯಲ್ಲೇ ಭೂಮಿಯ ಹಾಗೆ ಚೌಕ ಒಂದು, ಆಕಾಶದ ಹಾಗೆ ದುಂಡಗೆ ಒಂದು ಮಾಡಿ ತಂದ. ಪಟ್ಟ ಅವನಿಗೇ.

ಈಗ ಮಗಳ ಕಥೆ. ಗಂಡನ ತಮ್ಮನಿಗೆ ಬೇಗ ಮದುವೆ ಆಯಿತು, ಅವರ ಮಗನಿಗೆ ಹದಿನಾಲ್ಕು. ಮೀಸೆ ಚಿಗುರಿದೆ, ದನಿ ಒಡೆದಿದೆ. ಬಂದ ದಿನ ನನ್ನ ಮಗಳು ಅವನನ್ನು "ಆನ್", ಅಣ್ಣ ಅಂತ ಕರೆದಳು. ಮಾವ ತಡೆದರು. ತಪ್ಪು! ಇವಳು ಹಿರಿಮಗನ ಮಗಳು, ಹಾಗಾಗಿ ಇವಳೇ "ಚಿ", ಅಕ್ಕ. ಅವನು ತಮ್ಮ. ವಯಸ್ಸು ಲೆಕ್ಕಕ್ಕಿಲ್ಲ, ಅಪ್ಪಂದಿರಲ್ಲಿ ಯಾರು ಹಿರಿಯರು ಅನ್ನುವುದೇ ಲೆಕ್ಕ. ಇದಕ್ಕೆ ಗಾದೆಯೇ ಇದೆಯಂತೆ: ಗೆಣಸಿನಷ್ಟು ಪುಟ್ಟದಿದ್ದರೂ ಸಾಲಿನ ಪ್ರಕಾರ ಕರೆ.

ಹುಡುಗ ಕೆಂಪಾದ. ಹೇಳಲಾರೆ ಅಂತ ಎದ್ದೇ ಹೋದ. ಮಗಳಿಗೆ ಮಾತ್ರ ಸ್ವರ್ಗ ಸಿಕ್ಕಿತು. ಎರಡು ದಿನ ಅವನ ಹಿಂದೆ "ತಮ್ಮಾ, ತಮ್ಮಾ" ಅಂತ ತಿರುಗಿದಳು. ನಿನ್ನೆ ಸಂಜೆ ಉಳಿದ ಅಕ್ಕಿಯಲ್ಲಿ ಮಕ್ಕಳಿಗೆ ಅಂತ ಅಂಗೈ ಅಗಲದ ಮರಿ ಬಾನ್ ಚುಂಗ್ ಕಟ್ಟುವಾಗ ಇವಳಿಗೆ ಗಂಟು ಬರಲಿಲ್ಲ. ಅವನು ಎದುರಿಗೆ ಕೂತು "ಚಿ, ಇಲ್ಲಿ ಬೆರಳಿಡು" ಅಂದ. ಯಾರೂ ಮುಖ ಎತ್ತಲಿಲ್ಲ, ಎಲ್ಲರಿಗೂ ಕೇಳಿಸಿತು.

ಹಂಡೆ ಸಂಜೆ ನಾಲ್ಕಕ್ಕೆ ಒಲೆ ಏರಿತು. ಹತ್ತು ಹನ್ನೆರಡು ಗಂಟೆ ಬೇಯಬೇಕು. ನೀರು ಇಂಗಿದರೆ ಕುದಿಯುವ ನೀರನ್ನೇ ಹಾಕಬೇಕು, ತಣ್ಣೀರು ಹಾಕಿದರೆ ಅಕ್ಕಿ ನಡುವೆ ಬೇಯದೆ ಉಳಿಯುತ್ತದೆ. ಆ ಕಾವಲು ಪಾಳಿಯ ಪ್ರಕಾರ. ಈಗ ನನ್ನ ಮತ್ತು ಮಾವನ ಪಾಳಿ. ಬೂದಿಯಲ್ಲಿ ಗೆಣಸು ಸುಟ್ಟು ಕೊಟ್ಟರು. ಉಪವಾಸದವಳಿಗೆ ಗೆಣಸು ನಡೆಯುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಯಿತೋ.

ಪಂಚಾಂಗ ಓದುವವ · ಫೆಬ್ರವರಿ 16

ನಮ್ಮಲ್ಲೂ ಸೋದರಳಿಯನಿಗಿಂತ ಚಿಕ್ಕ ಸೋದರಮಾವ ಇರುತ್ತಾನೆ. ಆದರೆ ಚಿಕ್ಕಪ್ಪನ ಮೀಸೆ ಬಂದ ಮಗನಿಗೆ ಆರು ವರ್ಷದವಳು ಅಕ್ಕ ಅನ್ನುವುದು ನಮ್ಮಲ್ಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಮ್ಮಪ್ಪ ಮನೆಗೆ ಹಿರಿಯರು.

ಹುವೆ ಸೊಸೆ · ಫೆಬ್ರವರಿ 16

ಇವತ್ತು ರಾತ್ರಿ ಮಧ್ಯರಾತ್ರಿ ಆದ ಮೇಲೆ ಯಾರ ಮನೆಗೂ ನೀವಾಗಿ ಮೊದಲು ಕಾಲಿಡಬೇಡಿ. ವರ್ಷದ ಮೊದಲ ಅತಿಥಿಯ ಕಾಲ್ಗುಣದ ಮೇಲೆ ಇಡೀ ವರ್ಷ ಅಂತ ನಂಬುತ್ತಾರೆ. ಜಾತಕ ಕೂಡುವವರನ್ನು ಮೊದಲೇ ಹೇಳಿ ಕರೆಸುತ್ತಾರೆ. ನಾಳೆ ಕಸ ಗುಡಿಸಬೇಡಿ. ಮನೆಯಲ್ಲಿ ಈ ವರ್ಷ ಸೂತಕ ಆದವರು ಬೇರೆಯವರ ಮನೆಗೆ ಹೋಗುವುದಿಲ್ಲ, ಅಂಥ ನೆಂಟರಿದ್ದರೆ ಯಾಕೆ ಬರಲಿಲ್ಲ ಅಂತ ಕೇಳಬೇಡಿ.

ಸೈಗಾನ್ ಮಲ್ನಾಡು · ಫೆಬ್ರವರಿ 18, ರಾತ್ರಿ

ಒಂದೇ ಉಸಿರಲ್ಲಿ ಬರೆಯುತ್ತೇನೆ, ಅಡುಗೆಮನೆಯಿಂದ ಈಗ ಬಿಡುಗಡೆ.

ವರ್ಷದ ಕೊನೆಯ ದಿನ ಮಧ್ಯಾಹ್ನ ಎಲ್ಲರಿಗೂ ಕೊತ್ತಂಬರಿ ನೀರಿನ ಸ್ನಾನ. ಬೀಜ ಕಟ್ಟಿದ, ಬಲಿತ ಕೊತ್ತಂಬರಿ ಗಿಡವನ್ನು ಬೇರು ಸಮೇತ ಕುದಿಸಿದ ನೀರು. ಹಳೇ ವರ್ಷ ತೊಳೆದು ಹೋಗಲಿ ಅಂತ. ಇಡೀ ಮನೆ ಘಮ್ ಅನ್ನುತ್ತಿತ್ತು. ನನಗೆ ಯುಗಾದಿಯ ಎಣ್ಣೆ ಸ್ನಾನ ನೆನಪಾಯಿತು, ಅದರ ಹಿಂದೆಯೇ ಸಾರು ನೆನಪಾಯಿತು. ಮಧ್ಯರಾತ್ರಿ ಅಂಗಳದಲ್ಲೊಂದು ಪೂಜೆ, ಒಳಗೆ ಪೂರ್ವಜರ ಪೀಠದ ಮುಂದೊಂದು. ದೂರದಲ್ಲಿ ಸರ್ಕಾರದವರ ಬಾಣಬಿರುಸು. ಮನೆಮನೆಯ ಪಟಾಕಿ 1995ರಿಂದ ನಿಷೇಧ. "ಮೊದಲೆಲ್ಲ ಬೆಳಿಗ್ಗೆ ಅಂಗಳ ಕೆಂಪು ಕಾಗದದಿಂದ ಮುಚ್ಚಿರುತ್ತಿತ್ತು" ಅಂದರು ಮಾವ. ದನಿಯಲ್ಲಿ ಬೇಸರ ಇತ್ತು. ಪಕ್ಕದಲ್ಲಿದ್ದ ನಾಯಿಗೆ ಇರಲಿಲ್ಲ.

ಮೊದಲ ದಿನ ಮಗಳು ಹಾರೈಕೆ ಹೇಳಿದಳು (ಸ್ಯಾನ್ ಹೋಸೆ ಅಣ್ಣ, ನಿಮಗೆ ದೊಡ್ಡ ಥ್ಯಾಂಕ್ಸ್). ಅಜ್ಜ ಅಜ್ಜಿ ನೂರು ವರ್ಷ ಬಾಳಲಿ ಅಂದಳು, ಲಕೋಟೆ ಸಿಕ್ಕಿತು. ಹಾಗೇ ಮುತ್ತಜ್ಜಿಗೂ ಅಂದಳು. ಮುತ್ತಜ್ಜಿಗೆ ತೊಂಬತ್ತೈದು. "ಐದೇ ವರ್ಷ ಕೊಟ್ಟೆಯಾ?" ಅಂತ ಅವರು ಕೇಳಿದರು. ನಕ್ಕು ನಕ್ಕು ಸಾಕಾಯಿತು.

ಈ ಮುತ್ತಜ್ಜಿ ಮತ್ತು ನಾನು ಗೆಳತಿಯರಾಗಿದ್ದೇವೆ. ಅವರದ್ದು ಹಳೇ ಕಾಲದ ಹಾಗೆ ಕಪ್ಪು ಬಣ್ಣ ಹಚ್ಚಿದ ಹಲ್ಲು, ಬಾಯಲ್ಲಿ ಸದಾ ಎಲೆ ಅಡಿಕೆ. ಇಲ್ಲಿನ ಹಳ್ಳಿ ಮನೆಗೆ ಮುಂದೆ ಅಡಿಕೆ ಮರ, ಹಿಂದೆ ಬಾಳೆ ಅಂತ ಒಂದು ಮಾತಿದೆಯಂತೆ. ಇವರ ಮನೆ ಮುಂದೆಯೂ ನಾಲ್ಕು ಅಡಿಕೆ ಮರ. ನಮ್ಮ ಅಂಗಳವನ್ನೇ ಎತ್ತಿ ತಂದಿಟ್ಟ ಹಾಗಿದೆ. ಎಲೆಗೆ ಸುಣ್ಣ ಹಚ್ಚಿ ಮಡಚಿ ಕೊಟ್ಟೆ. ಅವರು ಸ್ವಲ್ಪ ಹೊತ್ತು ಎಲೆ ನೋಡಿದರು, ಆಮೇಲೆ ನನ್ನ ಕೈ ನೋಡಿದರು. "ಎಲೆ ಅಡಿಕೆಯಿಂದಲೇ ಮಾತು ಶುರು" ಅಂತ ಇವರ ಗಾದೆ. ಮಾತು ಮಾತ್ರ ನನಗೆ ಬರುವುದಿಲ್ಲ. ಒಂದು ಗಂಟೆ ಪಕ್ಕದಲ್ಲಿ ಕೂತು ಜಗಿದೆವು.

ಪಾತ್ರೆ ವಿಷಯ. @ತಾಯ್ ಹೋ ದಂಡೆ, ನೀವು ಹೇಳಿದ್ದು ಅಕ್ಷರಕ್ಷರ ನಿಜ. ಮೊದಲ ದಿನ ಐದು ತಂಡ. ಮೇಲಿನ ಹರಿವಾಣದಲ್ಲಿ ಯಾರು ಕೂತಿದ್ದರು ಅಂತ ನಾನು ಬೇರೆ ಹೇಳಬೇಕಾಗಿಲ್ಲ. ನಾನು ಮತ್ತು ಓರಗಿತ್ತಿ ತೊಳೆದೆವು. ಅವಳಿಗೆ ಒಂದು ಕೈಗವಸು, ನನಗೆ ಒಂದು. ಅವಳು ತವರಿಗೆ ಹೋಗಿ ಎರಡು ವರ್ಷವಾಗಿದೆ ಅಂತ ಅಲ್ಲೇ ಗೊತ್ತಾಯಿತು. ಇವತ್ತು ಗಂಡನಿಗೆ ನೇರವಾಗಿ ಹೇಳಿದೆ, ರಾತ್ರಿ ಅವರೂ ಅವರ ತಮ್ಮನೂ ತೊಳೆದರು. ಅತ್ತೆಗೆ ಸರಿ ಬರಲಿಲ್ಲ. ಮುಖ ಸ್ವಲ್ಪ ದಪ್ಪಗೇ ಇದೆ.

ಇವತ್ತು ಎರಡನೇ ದಿನ. ಮೊದಲ ದಿನ ಅಪ್ಪನ ಕಡೆಗೆ, ಎರಡನೇ ದಿನ ಅಮ್ಮನ ಕಡೆಗೆ, ಮೂರನೇ ದಿನ ಗುರುವಿಗೆ ಅಂತ ಇವರ ಲೆಕ್ಕ. ಓರಗಿತ್ತಿ ಬೆಳಿಗ್ಗೆಯೇ ತವರಿಗೆ ಹೊರಟಳು, ಅವಳ ಸಂಭ್ರಮ ನೋಡಬೇಕಿತ್ತು. ನಾನು ಹಿತ್ತಲಲ್ಲಿ ಸುಮ್ಮನೆ ಕೂತಿದ್ದೆ. ಮಾವ ಒಳಗಿಂದ ಕೋಟು ಹಾಕಿಕೊಂಡು ಬಂದರು. ಎಲ್ಲಿಗೆ ಅಂತ ಕೇಳಿದರೆ, "ಇವತ್ತು ನಿನ್ನ ಅಮ್ಮನ ಮನೆಯ ದಿನ, ಫೋನ್ ಹಚ್ಚು."

ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಪ್ಪ ಇನ್ನೂ ಬನಿಯನ್‌ನಲ್ಲಿದ್ದರು. ಕೋಟು ನೋಡಿ ಗಾಬರಿಯಾಗಿ ಒಳಗೆ ಓಡಿ ಶರ್ಟು ಹಾಕಿಕೊಂಡು ಬಂದರು. ಫೋನನ್ನು ಪೂರ್ವಜರ ಪೀಠದ ಪಕ್ಕ ಒರಗಿಸಿಟ್ಟು ಇಬ್ಬರು ಮುದುಕರೂ ಅರ್ಧ ಗಂಟೆ ಮಾತಾಡಿದರು. ಮಗಳೇ ದುಭಾಷಿ. ಮಳೆ, ಭತ್ತ, ಅಡಿಕೆ ರೇಟು. ಅಡಿಕೆ ರೇಟು ಕೇಳಿದಾಗ ಅಪ್ಪ ಇಳಿಸಿ ಹೇಳಿದರು, ಅದು ನನಗೆ ಮಾತ್ರ ಗೊತ್ತು. ಮಾವ ನನ್ನ ಅಪ್ಪ ಅಮ್ಮ ಇಬ್ಬರಿಗೂ ಲಕೋಟೆ ಕೊಟ್ಟಿದ್ದಾರೆ, ಊರಿಗೆ ಹೋದಾಗ ತಲುಪಿಸಬೇಕು. ನೋಟು ಹೊಸದು, ಮಡಚಿದರೂ ಗೆರೆ ಬೀಳದ ಪ್ಲಾಸ್ಟಿಕ್ ನೋಟು. ಅಮ್ಮನಿಗೆ ಗ್ರಹಣದ ಮಾತು ಮರೆತೇ ಹೋಗಿತ್ತು.

ತಾಯ್ ಹೋ ದಂಡೆ · ಫೆಬ್ರವರಿ 19

ನನ್ನ ಮಾವನಿಗೆ ಇದನ್ನು ಓದಿ ಹೇಳಿದೆ. ಏನೂ ಅನ್ನಲಿಲ್ಲ. ಸಂಜೆ "ನಿನ್ನ ಅಣ್ಣನ ನಂಬರ್ ಇದೆಯಾ?" ಅಂತ ಕೇಳಿದರು.

ಅತ್ತೆಯ ಮುಖ ಆರನೇ ದಿನಕ್ಕೆ ಸರಿಹೋಗುತ್ತದೆ. ಅನುಭವದ ಮಾತು.

ಸೈಗಾನ್ ಮಲ್ನಾಡು · ಫೆಬ್ರವರಿ 24

ವಾಪಸ್ ಬಂದೆವು. ಮೂರನೇ ದಿನ ಪೂರ್ವಜರನ್ನು ಬೀಳ್ಕೊಡುವ ಪೂಜೆ, ಕಾಗದದ ದುಡ್ಡು ಸುಡುವುದು. ಪೀಠದ ಎರಡೂ ಬದಿಗೆ ಉದ್ದನೆಯ ಕಬ್ಬು ನಿಲ್ಲಿಸಿದ್ದರು. ವಾಪಸ್ ಹೋಗುವಾಗ ಪೂರ್ವಜರಿಗೆ ಊರುಗೋಲು ಅದು. ಮಗಳು ಅದರಲ್ಲಿ ಒಂದು ತುಂಡು ಕೇಳಿದಳು. ಅವರು ಹೋದ ಮೇಲೆ ಕೊಡುತ್ತೇನೆ ಅಂದರು ಅಜ್ಜ, ಕೊಟ್ಟರು ಕೂಡ.

ರೈಲ್ವೆ ಸ್ಟೇಷನ್ನಿಗೆ ಆ ಹುಡುಗನೇ ಬೈಕಿನಲ್ಲಿ ಸಾಮಾನು ತಂದುಕೊಡುತ್ತೇನೆ ಅಂತ ಹಟ ಮಾಡಿದ. ಲೈಸೆನ್ಸ್ ಎಲ್ಲಿಂದ ಬರಬೇಕು, ಅವನಪ್ಪ ಬಿಡಲಿಲ್ಲ. ಸೈಕಲ್ ತುಳಿದುಕೊಂಡು ಬಂದ. "ಚಿ, ಮುಂದಿನ ವರ್ಷ ಬಾ" ಅಂದ. ಇವಳು ಗಂಭೀರವಾಗಿ "ಚೆನ್ನಾಗಿ ಓದು, ತಮ್ಮಾ" ಅಂದಳು.

ಈಗ ನಿಜವಾದ ಸಮಸ್ಯೆ. ಬುಟ್ಟಿಯಲ್ಲಿ ಒಂಬತ್ತು ಬಾನ್ ಚುಂಗ್ ಕಟ್ಟಿ ಕಳಿಸಿದ್ದಾರೆ. ನನ್ನ ಕೆಂಪು ದಾರದವು ಮೂರು ಉಳಿದಿವೆ, ಫ್ರಿಜ್‌ನಲ್ಲಿ ಕಲ್ಲಾಗಿವೆ. ಏನು ಮಾಡಲಿ?

ಹುವೆ ಸೊಸೆ · ಫೆಬ್ರವರಿ 24

ಚಾಕು ಹಚ್ಚಬೇಡಿ, ಅಂಟಿಕೊಳ್ಳುತ್ತದೆ. ಕಟ್ಟಿದ ಬಿದಿರಿನ ಸೀಳನ್ನೇ ಬಿಚ್ಚಿ ತೆಳ್ಳಗೆ ಸೀಳಿ, ಕಡುಬಿನ ಮೇಲೆ ನಾಲ್ಕು ಎಳೆ ಇಡಿ. ಮಗುಚಿ ಹಾಕಿ ಒಂದೊಂದೇ ಎಳೆಯ ಎರಡೂ ತುದಿ ಹಿಡಿದು ಎಳೆದರೆ ಎಂಟು ತುಂಡು ಆಗುತ್ತದೆ. ಕಾವಲಿಗೆ ಎಣ್ಣೆ ಹಾಕಿ, ಸಣ್ಣ ಉರಿ. ಕರಗಿದ ಹಾಗೆ ಸೌಟಿನಲ್ಲಿ ಒತ್ತಿ ಒತ್ತಿ ರೊಟ್ಟಿ ಮಾಡಿ. ಎರಡೂ ಕಡೆ ಕೆಂಪಗಾಗಲಿ. ಅವರು ಉಪ್ಪಿನಲ್ಲಿ ಹಾಕಿದ ಈರುಳ್ಳಿ ನಂಚಿಕೊಳ್ಳುತ್ತಾರೆ. ನಿಮಗೆ ಮಾವಿನ ಮಿಡಿ ಸಾಕು.

ಸೈಗಾನ್ ಮಲ್ನಾಡು · ಫೆಬ್ರವರಿ 25

ಮಾಡಿದೆ. ಮಿಡಿ ಉಪ್ಪಿನಕಾಯಿ ಜೊತೆ ಗಂಡ ನಾಲ್ಕು ತುಂಡು ತಿಂದರು, ಅದೂ ನನ್ನ ಚಾಯ್ ಪಾಲಿನಿಂದ.

ಮರಿ ಬಾನ್ ಚುಂಗ್ ಒಂದನ್ನು ಮಾತ್ರ ಮಗಳು ಮುಟ್ಟಲು ಬಿಡುತ್ತಿಲ್ಲ. ತಮ್ಮ ಗಂಟು ಹಾಕಿದ್ದು ಅಂತೆ. ಫ್ರೀಜರಿನಲ್ಲಿ ಐಸ್‌ಕ್ರೀಮ್ ಡಬ್ಬಿ ಪಕ್ಕ ಇಟ್ಟಿದ್ದಾಳೆ. ಎಷ್ಟು ದಿನ ಇಡಬಹುದು?

ಹುವೆ ಸೊಸೆ · ಫೆಬ್ರವರಿ 25

ಫ್ರೀಜರಿನಲ್ಲಾದರೆ ಯುಗಾದಿಗೆ ಏನೂ ಆಗುವುದಿಲ್ಲ, ಮಾರ್ಚ್ 19 ತಾನೇ. ಅವತ್ತು ಎಲೆ ಸಮೇತ ಮತ್ತೆ ಕುದಿಸಿ. ಗಂಟನ್ನು ಅವಳೇ ಬಿಚ್ಚಲಿ.